ಕೇಳಿದ್ದನ್ನೆಲ್ಲ ಹೇಳಬಹುದೇ?

ಸುಳ್ಳನ್ನು ಹುಟ್ಟಿಸಿ ಹೇಳುವವನು ಪಾಪಿ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಯಾರೋ ಹೇಳಿದ ಸುಳ್ಳನ್ನು ಸತ್ಯವೆಂದೇ ನಂಬಿ, ಸಮುದಾಯದ ಹಿತಕ್ಕೆಂದೇ ಅದನ್ನು ಇತರರಿಗೆ ತಲುಪಿಸಿದವನ ಸ್ಥಿತಿಯೇನು? 'ನನಗೆ ಗೊತ್ತಿರಲಿಲ್ಲ' ಎಂಬ ಮಾತು ಅವನನ್ನು ಹೊಣೆಯಿಂದ ಪಾರುಮಾಡುವುದೇ?

ಆಫ್ರಿಕಾದಲ್ಲಿ ನಡೆದ ಒಂದು ಘಟನೆಯನ್ನು ನೋಡಿರಿ. ನೈಜೀರಿಯಾ ದೇಶದ ಉತ್ತರ ಭಾಗದಲ್ಲಿ ಮುಸ್ಲಿಮರೇ ಬಹುಸಂಖ್ಯಾತರು. 2003ರಲ್ಲಿ ಅಲ್ಲಿ ಒಂದು ಸುದ್ದಿ ಹಬ್ಬಿತು. ಮಕ್ಕಳಿಗೆ ಹಾಕುವ ಪೋಲಿಯೊ ಹನಿಯಲ್ಲಿ ಸಂತಾನಶಕ್ತಿ ಕುಂದಿಸುವ ಔಷಧಿಯಿದೆ, ಏಡ್ಸ್ ರೋಗಾಣುವಿದೆ, ಇದು ಮುಸ್ಲಿಮರ ಸಂಖ್ಯೆ ತಗ್ಗಿಸುವ ಪಾಶ್ಚಾತ್ಯರ ಸಂಚು ಎಂದು. ಕೆಲವು ಧಾರ್ಮಿಕ ಮುಖಂಡರೂ ಇದನ್ನೇ ನುಡಿದರು. ಕಾನೋ ರಾಜ್ಯದ ಸರಕಾರವು ಹನಿ ಹಾಕುವುದನ್ನೇ ನಿಲ್ಲಿಸಿತು.

ಅವರ ಸಂಶಯಕ್ಕೆ ಕಾರಣವೇ ಇರಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 1996ರಲ್ಲಿ ಅದೇ ಕಾನೋದಲ್ಲಿ ಮೆನಿಂಜೈಟಿಸ್ ರೋಗ ಹರಡಿದ್ದಾಗ ಅಮೆರಿಕದ ಒಂದು ಔಷಧ ಕಂಪನಿಯು ರೋಗಿ ಮಕ್ಕಳ ಮೇಲೆ ಹೊಸ ಔಷಧಿಯ ಪ್ರಯೋಗ ನಡೆಸಿತ್ತು. ಆ ಪ್ರಯೋಗದಲ್ಲಿದ್ದ 11 ಮಕ್ಕಳು ಸತ್ತರು. ಹೆತ್ತವರ ಒಪ್ಪಿಗೆಯನ್ನು ಸರಿಯಾಗಿ ಪಡೆದಿರಲಿಲ್ಲವೆಂಬ ಆರೋಪದ ಮೇಲೆ ವರ್ಷಗಟ್ಟಲೆ ಮೊಕದ್ದಮೆ ನಡೆಯಿತು. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುವುದು ಸಹಜ. ಆದರೆ ಊದಿ ಕುಡಿಯುವುದು ಬೇರೆ, ಮಜ್ಜಿಗೆಯಲ್ಲಿ ವಿಷವಿದೆಯೆಂದು ಊರಿಗೆಲ್ಲ ಸಾರುವುದು ಬೇರೆ. ಸಂಶಯವು ವಿಚಾರಿಸಲು ಕಾರಣವಾಗಬೇಕು, ಅದೇ ಪುರಾವೆಯಾಗಬಾರದು.

ಪರಿಣಾಮವೇನಾಯಿತು? ಕಾನೋದಿಂದ ಹೊರಟ ರೋಗಾಣು ಗಡಿಗಳನ್ನು ದಾಟಿತು. ಪೋಲಿಯೊ ಇಲ್ಲವಾಗಿದ್ದ ಹಲವು ದೇಶಗಳಲ್ಲಿ ಮತ್ತೆ ಮಕ್ಕಳ ಕಾಲುಗಳು ಸೋತವು. 2004ರಲ್ಲಿ ಅದು ಸೌದಿ ಅರೇಬಿಯಾ ತಲುಪಿತು. ಅದೇ ವರ್ಷ ಕಾನೋದವರು ಮುಸ್ಲಿಂ ದೇಶವಾದ ಇಂಡೋನೇಶ್ಯಾದಲ್ಲಿ ತಯಾರಾದ ಲಸಿಕೆಯನ್ನು ನಂಬಿ ಸ್ವೀಕರಿಸಿದರು. ಆದರೆ ಹಿಂದೆಯೇ ಹೊರಟುಹೋಗಿದ್ದ ರೋಗಾಣು 2005ರಲ್ಲಿ ಆ ಇಂಡೋನೇಶ್ಯಾಕ್ಕೇ ತಲುಪಿ ಸುಮಾರು 300 ಮಕ್ಕಳನ್ನು ಅಂಗವಿಕಲರನ್ನಾಗಿಸಿತು. ಸಮುದಾಯವನ್ನು ರಕ್ಷಿಸಲೆಂದು ಆಡಿದ ಮಾತು ಸಮುದಾಯದ ಮಕ್ಕಳನ್ನೇ ಕೆಡವಿತು.

ಈಗ ಪವಿತ್ರ ಕುರ್‌ಆನಿನ ಅಲ್‌ಹುಜುರಾತ್ ಅಧ್ಯಾಯದ ಆದೇಶವನ್ನು ನೆನಪಿಸಿಕೊಳ್ಳಿರಿ. ದುಷ್ಕರ್ಮಿಯೊಬ್ಬನು ಸುದ್ದಿ ತಂದರೆ ಅದನ್ನು ಪರಿಶೀಲಿಸಬೇಕು, ಇಲ್ಲವಾದರೆ ಅರಿಯದೆಯೇ ಜನರಿಗೆ ಹಾನಿ ಮಾಡಿ ಬಳಿಕ ಪಶ್ಚಾತ್ತಾಪ ಪಡಬೇಕಾದೀತು ಎಂದು ಅಲ್ಲಾಹನು ಎಚ್ಚರಿಸಿದ್ದಾನೆ. ಇಲ್ಲಿ ಬೇಕೆಂದೇ ಮಾಡಿದ ಹಾನಿಯ ಮಾತಿಲ್ಲ, ಅರಿಯದೆ ಮಾಡುವ ಹಾನಿಯ ಮಾತಿದೆ. ಹಾಗಿರುವಾಗ 'ನನಗೆ ಗೊತ್ತಿರಲಿಲ್ಲ' ಎಂಬುದು ನೆಪವಾಗುವುದು ಹೇಗೆ? ಗೊತ್ತುಮಾಡಿಕೊಳ್ಳುವುದೇ ನಮ್ಮ ಕರ್ತವ್ಯವಾಗಿತ್ತು. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನು ಸುಳ್ಳುಗಾರನಾಗಲು ಸಾಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಹದೀಸನ್ನು ಸ್ವೀಕರಿಸುವಾಗಲೂ 'ಇದನ್ನು ನಿನಗೆ ಹೇಳಿದವರು ಯಾರು? ಅವರು ಎಂಥವರು?' ಎಂದು ಕೇಳಿದ ಸಮುದಾಯ ನಮ್ಮದು.

ನೈಜೀರಿಯಾದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಸೊಕೊಟೊದ ಸುಲ್ತಾನರೂ ಅನೇಕ ಇಮಾಮರೂ ಮುಂದೆ ಬಂದರು. ಜನರ ಭಯವನ್ನು ಹಂಗಿಸದೆ ಅವರೊಡನೆ ಕುಳಿತು ಮಾತನಾಡಿದರು. ಹನಿ ಹಾಕಲು ಹೋದ ಮಹಿಳೆಯರು 2013ರಲ್ಲಿ ಕಾನೋದಲ್ಲಿ ಗುಂಡಿಗೆ ಬಲಿಯಾದರೂ ಕೆಲಸ ನಿಲ್ಲಲಿಲ್ಲ. 2020ರ ಆಗಸ್ಟ್ 25ರಂದು ಆಫ್ರಿಕಾ ಖಂಡವು ಸಹಜ ಪೋಲಿಯೊ ರೋಗಾಣುವಿನಿಂದ ಮುಕ್ತವೆಂದು ಘೋಷಿಸಲಾಯಿತು. ಸುದ್ದಿ ಹಬ್ಬಲು ಕೆಲವು ದಿನಗಳು ಸಾಕಾಗಿದ್ದವು, ಅದರ ಗಾಯ ಮಾಯಲು ಹದಿನೇಳು ವರ್ಷಗಳು ಬೇಕಾದವು. ಸೋತ ಕಾಲುಗಳಿಗಂತೂ ಮತ್ತೆ ಶಕ್ತಿ ಬರಲಿಲ್ಲ.

ಪ್ರಿಯ ಓದುಗರೇ, ಇಂದು ಸುದ್ದಿ ನಮ್ಮ ಅಂಗೈಯಲ್ಲಿರುವ ಮೊಬೈಲಿಗೇ ಬರುತ್ತದೆ. ಧರ್ಮದ ಹೆಸರು ಹೊತ್ತು, ನಮ್ಮ ನೋವನ್ನೇ ಮುಟ್ಟುವಂತೆ ಬರುತ್ತದೆ. ಅಂತಹ ಸುದ್ದಿಯನ್ನು ಮುಂದಕ್ಕೆ ಕಳುಹಿಸುವ ಮುನ್ನ ಕೇಳಿಕೊಳ್ಳಿರಿ: ಇದನ್ನು ಹೇಳಿದವರು ಯಾರು? ತಿಳಿದವರನ್ನು ನಾನು ವಿಚಾರಿಸಿದೆನೇ? ಇದು ಸುಳ್ಳಾದರೆ ನಷ್ಟ ಯಾರಿಗೆ? ಉತ್ತರ ತಿಳಿಯದಿದ್ದರೆ ಸುಮ್ಮನಿರುವುದೇ ಲೇಸು. ಕಿವಿ, ಕಣ್ಣು, ಹೃದಯ ಇವೆಲ್ಲವುಗಳ ವಿಚಾರಣೆ ನಡೆಯುವ ದಿನವೊಂದಿದೆ. ಅಂದು ನಮ್ಮ ಮಾತಿನಿಂದ ಕಾಲು ಕಳೆದುಕೊಂಡ ಮಗುವೊಂದು ನಮ್ಮೆದುರು ನಿಲ್ಲದಿರಲಿ.