ಹಣ ಕೊಟ್ಟವರ ಕರಾರು ಎಲ್ಲಿದೆ?

ಕಂಪನಿಯೊಂದು ತನ್ನ ಕಲಾಸಂಗ್ರಹಕ್ಕಾಗಿ ಕಲಾವಿದರಿಂದ ಚಿತ್ರ ಮಾಡಿಸಿತು ಅಂದಾಗ ಯಾರಾದರೂ ಹುಬ್ಬೇರಿಸಿದರೆ, ನಮ್ಮ ಭಾಗದಲ್ಲಿ ಸಿದ್ಧ ಉತ್ತರವೊಂದಿದೆ. ಬಾದಾಮಿಯ ಗುಹೆ ಕೊರೆಸಿದವರು ಯಾರು? ಪಟ್ಟದಕಲ್ಲಿನ ಗುಡಿ ಕಟ್ಟಿಸಿದವರು ಯಾರು? ಅಂದು ಅರಸರು, ಇಂದು ಉದ್ಯಮಿಗಳು. ಆಶ್ರಯ ಕೊಡುವವರು ಬದಲಾದರು, ಅಷ್ಟೇ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಇತಿಹಾಸವನ್ನು ತೋರಿಸಿ ಪ್ರಶ್ನೆಯ ಬಾಯಿ ಮುಚ್ಚಿಸುವ ಮಾತಿದು. ಕಲೆಗೆ ಹಣದ ಸೋಂಕೇ ತಾಗಬಾರದು ಎನ್ನುವವರನ್ನೂ ಬಂಡವಾಳ ಮುಟ್ಟಿದ್ದೆಲ್ಲ ಕೆಟ್ಟಿತು ಎನ್ನುವವರನ್ನೂ ಇಲ್ಲಿ ಬದಿಗಿಡುತ್ತೇನೆ. ತೀರ್ಪು ಕೊಡಲು ಅವರಿಗೆ ಯಾವ ಕೃತಿಯನ್ನೂ ನೋಡುವ ಅಗತ್ಯ ಬೀಳುವುದಿಲ್ಲ. ಅರಸನೂ ಕಂಪನಿಯೂ ಒಂದೇ ಎನ್ನುವವರು ಹಾಗಲ್ಲ, ಅವರು ಸಾಕ್ಷ್ಯ ಮುಂದಿಡುತ್ತಾರೆ. ಹಾಗಾಗಿ ಆ ಸಾಕ್ಷ್ಯವನ್ನೇ ಓದಬೇಕು.

ಬಾದಾಮಿಯ ಮೂರನೆಯ ಗುಹೆ ಕ್ರಿ.ಶ. 578ರದು. ಶಕವರ್ಷ 500ರ ಕಾರ್ತಿಕ ಹುಣ್ಣಿಮೆಯಂದು ಚಾಲುಕ್ಯ ಮನೆತನದ ಮಂಗಳೇಶ ಅಲ್ಲಿ ವಿಷ್ಣುವನ್ನು ಪ್ರತಿಷ್ಠಾಪಿಸಿ, ಅದರ ಪುಣ್ಯ ಅಣ್ಣ ಕೀರ್ತಿವರ್ಮನಿಗೆ ಸಲ್ಲಲೆಂದು ಸಂಸ್ಕೃತದಲ್ಲಿ ಬರೆಸಿದ. ಅಲ್ಲಿಯೇ ಅವನದೊಂದು ಪುಟ್ಟ ಕನ್ನಡ ಶಾಸನವೂ ಇದೆ. ಗುಹೆಯನ್ನು ಕಲ್ಮನೆ ಎಂದು ಕರೆಯುವ ಆ ಶಾಸನ, ಲಂಜಿಗೇಸರ ಎಂಬ ಊರನ್ನು ಅದಕ್ಕೆ ಬಿಟ್ಟುಕೊಟ್ಟದ್ದನ್ನು ಹೇಳುತ್ತದೆ, ದೇವರಿಗೆ ಹೂ ಕಟ್ಟುವ ಮಾಲೆಗಾರನಿಗೆ ಅರ್ಧ ವೀಸ ಎಂದು ಪಾಲು ಗೊತ್ತುಮಾಡುತ್ತದೆ, ಇದನ್ನು ಅಳಿಸಿದವನು ಏಳನೆಯ ನರಕದ ಹುಳುವಾಗಲಿ ಎಂದು ಶಪಿಸುತ್ತದೆ. ಯಾರು ಕೊಟ್ಟರು, ಏನು ಕೊಟ್ಟರು, ಯಾರಿಗೆ ಸಲ್ಲಬೇಕು, ತಪ್ಪಿದರೆ ಏನು ಎಂಬುದೆಲ್ಲ ಗುಹೆಯ ಹೊರಗೆ, ಬಂದವರ ಕಣ್ಣಿಗೆ ಬೀಳುವಂತೆ ಕಲ್ಲಿನಲ್ಲಿದೆ. ಇನ್ನೂ ಮುಖ್ಯವಾದದ್ದು, ಮಂಗಳೇಶ ಅದನ್ನು ಕೊಟ್ಟುಬಿಟ್ಟ. ಕೊಟ್ಟ ಮೇಲೆ ಗುಹೆ ಅವನ ಬೊಕ್ಕಸದ ಸೊತ್ತಲ್ಲ. ಕಂಪನಿಯ ಸಂಗ್ರಹಕ್ಕೆ ಸೇರಿದ ಚಿತ್ರ ಮಾತ್ರ ಕಂಪನಿಯ ಆಸ್ತಿಯಾಗಿಯೇ ಉಳಿಯುತ್ತದೆ. ಯಾರಿಗೆ, ಯಾವಾಗ ತೋರಿಸಬೇಕೆಂದು ಸಾಮಾನ್ಯವಾಗಿ ಒಡೆಯನೇ ತೀರ್ಮಾನಿಸುತ್ತಾನೆ. 2013ರ ಕಂಪನಿ ಕಾಯ್ದೆಯ 135ನೇ ಕಲಂನಂತೆ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಕಲೆ, ಪರಂಪರೆಯೂ ಆ ಪಟ್ಟಿಯಲ್ಲಿವೆ. ಆ ಲೆಕ್ಕವಾದರೂ ವಾರ್ಷಿಕ ವರದಿಯಲ್ಲಿ ಸಿಗುತ್ತದೆ. ಸ್ವಂತ ಸಂಗ್ರಹಕ್ಕೆ ಮಾಡಿಸಿದ ಚಿತ್ರದ ಕರಾರನ್ನು ನೋಡುವ ಹಕ್ಕು ನೋಡುಗನಿಗಿಲ್ಲ.

ಎದುರಾಳಿ ಇಷ್ಟಕ್ಕೆ ಸುಮ್ಮನಾಗುವುದಿಲ್ಲ. ಕರಾರು ಹೇಗಾದರೂ ಇರಲಿ, ಕೃತಿ ಸ್ವತಂತ್ರವಾಗಿದೆಯಲ್ಲ ಎನ್ನುತ್ತಾನೆ. ಅವನಿಗೆ ಒಳ್ಳೆಯ ಉದಾಹರಣೆಯೂ ಸಿಗುತ್ತದೆ. ರೋಲ್ಸ್ ರಾಯ್ಸ್ ಕಾರು ಕಂಪನಿ ತನ್ನ ಕಲಾ ಕಾರ್ಯಕ್ರಮದಡಿ ಬ್ರಿಟನ್ನಿನ ಕಲಾವಿದ ಐಸಾಕ್ ಜೂಲಿಯನ್ ಅವರಿಂದ ಮಾಡಿಸಿದ ‘ಸ್ಟೋನ್ಸ್ ಅಗೇನ್‌ಸ್ಟ್ ಡೈಮಂಡ್ಸ್’ ಚಲನಚಿತ್ರ 2015ರಲ್ಲಿ ತೆರೆಗೆ ಬಂತು. ಚಿತ್ರೀಕರಣ ನಡೆದದ್ದು ಐಸ್‌ಲ್ಯಾಂಡಿನ ಹಿಮದ ಗುಹೆಗಳಲ್ಲಿ. ಬ್ರೆಜಿಲ್‌ನಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲೀನಾ ಬೊ ಬಾರ್ಡಿ, ವಜ್ರಕ್ಕಿಂತ ಕಡಿಮೆ ಬೆಲೆಯ ಹರಳುಗಳೇ ಚೆಂದವೆಂದು ಗಂಡನಿಗೆ ಬರೆದ ಪತ್ರವೇ ಅದರ ಬೀಜ. ಸಿರಿವಂತರ ಕಾರು ಮಾಡುವವರ ದುಡ್ಡಿನಲ್ಲಿ ವಜ್ರವನ್ನು ತಿರಸ್ಕರಿಸುವ ಚಿತ್ರ! ಕಲಾವಿದ ಯಾರಿಗೂ ತಲೆಬಾಗಿಲ್ಲ ಎಂದು ಒಪ್ಪುತ್ತೇನೆ. ಆದರೆ ಹಿಮ, ಹರಳುಗಳ ಬಗ್ಗೆ ಸ್ವಾತಂತ್ರ್ಯ ಕೊಡುವುದರಿಂದ ಕಾರು ಕಂಪನಿಗೆ ಏನು ನಷ್ಟ? ಹಣ ಕೊಟ್ಟವರ ಕಸುಬಿನ ಕಡೆಗೇ ಕ್ಯಾಮೆರಾ ತಿರುಗಿದಾಗ ಸ್ವಾತಂತ್ರ್ಯದ ಪರೀಕ್ಷೆ. ರಾಬರ್ಟ್ ಫ್ಲಾಹರ್ಟಿಯ ‘ಲೂಸಿಯಾನ ಸ್ಟೋರಿ’ಯಲ್ಲಿ (1948) ಅದು ತಿರುಗಿತ್ತು. ದುಡ್ಡು ಸ್ಟ್ಯಾಂಡರ್ಡ್ ಆಯಿಲ್‌ನದು. ಜೌಗು ನಾಡಿನಲ್ಲಿ ದೋಣಿ ನಡೆಸುತ್ತ ಬೆಳೆಯುವ ಹುಡುಗನ ಊರಿಗೆ ತೈಲ ಕೊರೆಯುವ ಗೋಪುರ ಬರುತ್ತದೆ, ಬಾವಿ ಸಿಡಿಯುತ್ತದೆ, ಸಿಡಿದದ್ದು ಹತೋಟಿಗೆ ಬರುತ್ತದೆ, ಗೋಪುರ ಹೊರಟುಹೋಗುತ್ತದೆ; ನೀರು ಎಂದಿನಂತೆ ಹರಿಯುತ್ತದೆ. ಚಿತ್ರ ನಿಜಕ್ಕೂ ಸುಂದರವಾಗಿದೆ. ತೈಲದ ಪರವಾಗಿ ಸಾಕ್ಷಿ ನುಡಿಯುವುದು ಆ ಸೌಂದರ್ಯವೇ, ಮತ್ತು ಅದನ್ನು ಅಡ್ಡಪ್ರಶ್ನೆ ಕೇಳುವವರು ಯಾರೂ ಇಲ್ಲ.

ಹೇಳಿ ಮಾಡಿಸಿದ್ದೇ ದೋಷ ಎಂದು ನಾನು ಹೇಳುತ್ತಿಲ್ಲ. ಇಳಕಲ್ಲಿನ ನೇಕಾರ ಮಾಲಕ ಕೊಟ್ಟ ನೂಲಿನಲ್ಲಿ, ಮಾಲಕ ಹೇಳಿದ ಬಣ್ಣದಲ್ಲಿ ನೇಯುತ್ತಾನೆ. ಒಡಲಿನ ಹಾಸಿನೊಂದಿಗೆ ಸೆರಗಿನ ರೇಷ್ಮೆ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ಆ ಕೆಲಸವನ್ನು ಕಂಡವರು, ಹೇಳಿ ಮಾಡಿಸಿದ್ದರಿಂದ ಅದರ ಬೆಲೆ ಕುಗ್ಗಿತು ಎನ್ನಲಾರರು. ಆದರೆ ಸೀರೆ ಮಾಲಕನ ಬಗ್ಗೆ ಏನನ್ನೂ ಹೇಳಬೇಕಾಗಿಲ್ಲ. ಚಿತ್ರ ಜಗತ್ತಿನ ಬಗ್ಗೆ ಹೇಳುತ್ತದೆ, ಆ ಜಗತ್ತಿನಲ್ಲಿ ಹಣ ಕೊಟ್ಟವರೂ ಇದ್ದಾರೆ. ಇಳಕಲ್–ಹುನಗುಂದ ಕಡೆಯ ಕೆಂಪು ಗ್ರಾನೈಟ್ ಬಗ್ಗೆ ಗ್ರಾನೈಟ್ ಕಂಪನಿಯೇ ಒಂದು ಚಿತ್ರ ಮಾಡಿಸಿತು ಎಂದುಕೊಳ್ಳೋಣ. ಕಲ್ಲಿನ ಹೊಳಪು, ಕುಶಲ ಕೈಗಳು, ಸೂರ್ಯಾಸ್ತ ಎಲ್ಲ ಬರಬಹುದು. ಕ್ವಾರಿಯ ದೂಳು ಕುಡಿಯುವವನ ಎದೆಯ ಎಕ್ಸ್‌ರೇ ಬರುತ್ತದೆಯೇ? ಬೇಡ ಎಂದು ಯಾರೂ ಹೇಳಬೇಕಾಗಿಲ್ಲ. ಕೇಳುವುದೇ ಸಭ್ಯತೆಯಲ್ಲ ಎಂದು ಕಲಾವಿದನಿಗೇ ಅನಿಸಿಬಿಟ್ಟರೆ ಸಾಕು.

ಇಲ್ಲಿ ಎದುರಾಳಿ ನನ್ನದೇ ಸಾಕ್ಷ್ಯವನ್ನು ನನ್ನ ಮೇಲೆ ತಿರುಗಿಸಬಲ್ಲ, ತಿರುಗಿಸಿದರೆ ನ್ಯಾಯವೇ. ಮಂಗಳೇಶನ ಆ ಕನ್ನಡ ಶಾಸನದಲ್ಲಿ ಹೂ ಕಟ್ಟುವವನ ಪಾಲಿದೆ, ಕಲ್ಲು ಕಡಿದವನ ಪಾಲಿಲ್ಲ. ಊರು ಕೊಡುವಾಗ ಊರಿನವರನ್ನು ಕೇಳಿದರೆಂದೂ ಅದು ಹೇಳುವುದಿಲ್ಲ. ಪಟ್ಟದಕಲ್ಲಿಗೆ ಬಂದರೆ, ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿಯಲ್ಲಿ ಅದರ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರು ಬಿರುದುಗಳೊಡನೆ ಶಾಸನಕ್ಕೇರಿದೆ. ಗುಡಿಯ ನೆಪ ಮಾತ್ರ ಗಂಡ ಕಂಚಿಯನ್ನು ಗೆದ್ದದ್ದು. ಐಹೊಳೆಯ ಮೇಗುತಿ ಬಸದಿಯಲ್ಲಿ 634ರಲ್ಲಿ ರವಿಕೀರ್ತಿ ಬರೆದದ್ದು ಆಶ್ರಯ ಕೊಟ್ಟ ಇಮ್ಮಡಿ ಪುಲಕೇಶಿಯ ಹೊಗಳಿಕೆ. ರಾಜ್ಯವನ್ನು ಮಗನಿಗೆ ಉಳಿಸಹೋಗಿ ಮಂಗಳೇಶ ಪ್ರಾಣವನ್ನೇ ಕಳೆದುಕೊಂಡದ್ದನ್ನು ನಾವು ತಿಳಿದಿರುವುದು ಗೆದ್ದ ಪುಲಕೇಶಿಯ ಕವಿಯ ಬಾಯಿಂದ. ಅಂದಮೇಲೆ ಬಹಿರಂಗ ಶಾಸನವೂ ಪೂರ್ತಿ ನಂಬಿಕೆಯ ದಾಖಲೆಯಲ್ಲ, ಅದು ಬರೀ ಬಡಾಯಿಯೂ ಆಗಬಹುದು. ಕರಾರನ್ನು ತೆರೆಯ ಮೇಲೆ ತೋರಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ನನ್ನ ಭರವಸೆ ಈಗ ಅಷ್ಟು ಗಟ್ಟಿಯಾಗಿಲ್ಲ. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ: ಶಾಸನ ಕಣ್ಣೆದುರಿಗಿರುವುದರಿಂದಲೇ ಅದರಲ್ಲಿ ಇಲ್ಲದ್ದನ್ನು ನಾವು ಎಣಿಸಬಲ್ಲೆವು. ಬೀರುವಿನಲ್ಲಿರುವ ಕರಾರಿನ ಬಗ್ಗೆ ಆ ಮಾತನ್ನೂ ಆಡಲಾಗದು.

ಇಂಥ ಚಿತ್ರವೊಂದು ಬಾಗಲಕೋಟೆಯ ಯಾವುದಾದರೂ ಕಾಲೇಜಿನ ಸಭಾಂಗಣಕ್ಕೆ ಬಂದರೆ, ಚಪ್ಪಾಳೆ ತಟ್ಟಿದ ಮೇಲೆ ವಿದ್ಯಾರ್ಥಿಗಳು ಎದ್ದು ನಿಂತು ಕೇಳಲಿ: ಎಷ್ಟು ಕೊಟ್ಟರು, ಕೊನೆಯ ಸಂಕಲನ ಯಾರ ಕೈಯಲ್ಲಿತ್ತು, ತೆಗೆದುಹಾಕಿದ್ದು ಏನು, ನಾಳೆ ಇದನ್ನು ಯಾರು ನೋಡಬಹುದು?