ಮಜ್ಜಿಗೆ ಕೊಟ್ಟವನ ಪಾಲು

ಪುಣೆಯಲ್ಲಿ ನಮ್ಮ ತಂಡದ ಪಾರ್ಟಿ ಮುಗಿದ ಮರುದಿನ ಬೆಳಗ್ಗೆ ನನ್ನ ಅಡುಗೆಮನೆ ಸಣ್ಣ ಔಷಧಾಲಯವಾಗುತ್ತಿತ್ತು. ಒಬ್ಬನಿಗೆ ಉಪ್ಪು ಹಾಕಿದ ನಿಂಬೆ ಪಾನಕ, ಒಬ್ಬನಿಗೆ ಮಜ್ಜಿಗೆ, ಇನ್ನೊಬ್ಬನಿಗೆ ಹಾಲಿಲ್ಲದ ಕಾಫಿ. ಎಲ್ಲರೂ ಊರು ಬಿಟ್ಟು ಬಂದ ಹುಡುಗರು. ಆಫೀಸಿನಲ್ಲಿ ಮ್ಯಾನೇಜರ್ ಆದ ನಾನು ಅವತ್ತಿನ ಮಟ್ಟಿಗೆ ಮನೆಯ ಹಿರಿಯಣ್ಣ. ಆ ಪಾತ್ರ ನನಗೆ ಇಷ್ಟವಾಗಿತ್ತು.

ಕಳೆದ ವರ್ಷ ಒಂದು ರಿಲೀಸ್ ಮುಗಿದ ರಾತ್ರಿ ಹುಬ್ಬಳ್ಳಿಯ ಹುಡುಗನೊಬ್ಬ ನಮ್ಮಲ್ಲೇ ಮಲಗಿದ. ಹತ್ತರಿಂದ ಒಂದರವರೆಗೆ ಐದು ಲಾರ್ಜ್ ಕುಡಿದಿದ್ದ. ಬೆಳಗ್ಗೆ ಆರಕ್ಕೆ ತಲೆ ಹಿಡಿದು ಕೂತಿದ್ದ. ಮಜ್ಜಿಗೆ ಕೊಟ್ಟೆ, ಕಾಫಿ ಕೊಟ್ಟೆ. ಏಳಕ್ಕೆ, "ಈಗ ಆರಾಮ್ ಅದೀನಿ ಸರ್" ಎಂದ. "ಮುಖ ನೋಡಿದ್ರೇ ಗೊತ್ತಾಗುತ್ತೆ, ಹೊರಡು" ಎಂದು ಬೈಕಿನ ಕೀ ಕೊಟ್ಟವನು ನಾನೇ. ವಾಕಡ್ ಹತ್ತಿರ ಡಿವೈಡರಿಗೆ ಗುದ್ದಿ ಬಿದ್ದ. ಕಾಲರ್ ಬೋನ್ ಮುರಿಯಿತು. ಬೇರೆ ಯಾರಿಗೂ ಏನೂ ಆಗಲಿಲ್ಲ.

ಲೆಕ್ಕ ಹಾಕಿದ್ದು ಆಮೇಲೆ. 60 ಎಂಎಲ್‌ನ ಒಂದು ಲಾರ್ಜ್‌ನಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅದರಲ್ಲಿ ಅರ್ಧವನ್ನು ಕರಗಿಸಲು ಯಕೃತ್ತಿಗೆ ಒಂದು ಗಂಟೆಯಾದರೂ ಬೇಕು. ಐದು ಲಾರ್ಜ್‌ಗೆ ಹತ್ತು ಗಂಟೆಗೂ ಹೆಚ್ಚು. ಏಳಕ್ಕೆ ಅವನ ರಕ್ತದಲ್ಲಿ ರಾತ್ರಿ ಇನ್ನೂ ಮುಗಿದಿರಲಿಲ್ಲ. ಕಾಫಿ ನಿದ್ದೆ ಓಡಿಸುತ್ತದೆ, ಅಮಲನ್ನು ಇಳಿಸುವುದಿಲ್ಲ. ಮಜ್ಜಿಗೆ ಬಾಯಾರಿಕೆ ತಣಿಸುತ್ತದೆ, ಅಷ್ಟೇ. ಹ್ಯಾಂಗೋವರ್ ತನ್ನಷ್ಟಕ್ಕೆ ತಾನೇ ಇಳಿಯುತ್ತದೆ. ಅದು ಇಳಿಯುವ ಹೊತ್ತಿಗೆ ಕೈಯಲ್ಲಿ ಯಾವ ಲೋಟ ಇತ್ತೋ ಅದಕ್ಕೆ ಹೆಸರು ಬರುತ್ತದೆ. 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಮರ್ಶೆಯೊಂದು ಇಂಥ ಮದ್ದುಗಳ ಮೇಲೆ ನಡೆದ ಎಂಟು ಪ್ರಯೋಗಗಳನ್ನು ಪರಿಶೀಲಿಸಿತ್ತು. ತಡೆಯಲಾಗಲಿ ಗುಣಪಡಿಸಲಾಗಲಿ ಯಾವುದೂ ನಿಜಕ್ಕೂ ಕೆಲಸ ಮಾಡುತ್ತದೆ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ಕುಡಿಯದಿರುವುದು, ಇಲ್ಲವೇ ಕಡಿಮೆ ಕುಡಿಯುವುದು, ಇಷ್ಟೇ ಉಳಿದ ದಾರಿ.

ಕುಡಿದವನು ಅವನು, ಓಡಿಸಿದವನೂ ಅವನು, ವಯಸ್ಸು 26. ನಿನ್ನದೇನು ತಪ್ಪು ಎಂದು ಗೆಳೆಯರು ಕೇಳಿದರು. ಅವನ ಪಾಲು ಅವನದೇ, ಒಪ್ಪುತ್ತೇನೆ. ಆದರೆ ಟೆಸ್ಟ್ ಆಗದ ಕೋಡಿಗೆ ಎಂದೂ ಒಪ್ಪಿಗೆ ಕೊಡದ ನಾನು ಒಬ್ಬ ಮನುಷ್ಯನಿಗೆ ಮುಖ ನೋಡಿಯೇ ಒಪ್ಪಿಗೆ ಕೊಟ್ಟೆ. ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ಹೇಳಿದೆ. ಪ್ರೀತಿಯಿಂದ ಹೇಳಿದ್ದರಿಂದ ಅವನು ನಂಬಿದ.

ಇನ್ನೂ ಒಂದು ಮಾತಿದೆ. ಆ ರಾತ್ರಿ ನಾಲ್ಕನೆಯ ಲಾರ್ಜ್ ಆರ್ಡರ್ ಆದಾಗ ನಾನು ಎದುರಿಗೇ ಕೂತಿದ್ದೆ. ಸಾಕು ಎನ್ನಬಹುದಿತ್ತು. ಪಾರ್ಟಿಯ ಕಳೆ ಕೆಡುತ್ತದೆಂದು ಅನ್ನಲಿಲ್ಲ. ಬೆಳಗ್ಗೆ ಮಜ್ಜಿಗೆ ಕಡೆಯುವಾಗ ಆ ಮೌನದ ಸಾಲ ತೀರಿದಂತೆ ಹಗುರಾಗಿತ್ತು. ಆ ಮದ್ದು ಕೆಲಸ ಮಾಡಿದ್ದೇನಾದರೂ ಇದ್ದರೆ ನನ್ನ ಮೇಲೆ.

ಹಾಗೆಂದು ಉಪಚಾರವೇ ಬೇಡವೇ? ಬೇಕು. ಈಗಲೂ ನೀರು ಕೊಡುತ್ತೇನೆ, ಹಾಸಿಗೆ ಹಾಸುತ್ತೇನೆ. ಕೀ ಮಾತ್ರ ಸಂಜೆಯವರೆಗೆ ನನ್ನ ಬಳಿ. ಮೂರನೆಯದಕ್ಕೆ "ಸಾಕಪ್ಪ" ಎನ್ನುತ್ತೇನೆ. ಹುಡುಗರು ಮುಖ ಸಣ್ಣ ಮಾಡುತ್ತಾರೆ.

ಆ ಹುಡುಗ ಆರು ವಾರ ತೋಳಿಗೆ ಪಟ್ಟಿ ಕಟ್ಟಿಕೊಂಡಿದ್ದ. ಆಸ್ಪತ್ರೆಯಲ್ಲಿ ನನ್ನನ್ನು ಕಂಡೊಡನೆ ಅವನಂದದ್ದು, "ನೀವು ಎಷ್ಟು ಮಾಡಿದ್ರಿ ಸರ್." ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ.