ಲಾಠಿಗೂ ಒಂದು ಲೆಕ್ಕ ಇರಬೇಕು

2016ರ ಏಪ್ರಿಲ್ 18ರಂದು ಬೆಂಗಳೂರಿನ ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್ ಕೆಲಸಗಾರರು ಬೀದಿಗಿಳಿದರು. ಬಹುಪಾಲು ಹೆಣ್ಣುಮಕ್ಕಳೇ. ಪಿ.ಎಫ್.ಗೆ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಮರುದಿನ ಪ್ರತಿಭಟನೆ ಪೀಣ್ಯ, ಜಾಲಹಳ್ಳಿ ಕ್ರಾಸ್, ಹೆಬ್ಬಗೋಡಿಗೂ ಹಬ್ಬಿತು. ಕಲ್ಲು ತೂರಾಟ ನಡೆಯಿತು, ಬಸ್ಸುಗಳು ಉರಿದವು, ಹೆಬ್ಬಗೋಡಿ ಠಾಣೆಯಲ್ಲಿದ್ದ ವಾಹನಗಳಿಗೂ ಬೆಂಕಿ ಬಿತ್ತು. ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಅಂದೇ ಕೇಂದ್ರ ಸರ್ಕಾರ ನಿಯಮವನ್ನು ಹಿಂಪಡೆಯಿತು.

ಬೆಂಕಿ ಹಚ್ಚುವವರನ್ನು ತಡೆಯಲೇಬೇಕು. ಆದರೆ ಅದೇ ರಸ್ತೆಯಲ್ಲಿ ಟಿಫನ್ ಬ್ಯಾಗ್ ಹಿಡಿದು ಘೋಷಣೆ ಕೂಗುವವಳಿಗೂ ಅದೇ ಏಟು ಬೀಳಬೇಕೇ?

ಜರ್ಮನಿಯ ಚಿಂತಕ ಮ್ಯಾಕ್ಸ್ ವೇಬರ್ 1919ರಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ ಪ್ರಭುತ್ವದ ಲಕ್ಷಣ ಹೇಳುತ್ತಾನೆ: ಒಂದು ನೆಲದಲ್ಲಿ ನ್ಯಾಯಸಮ್ಮತವಾಗಿ ಬಲ ಬಳಸುವ ಏಕಸ್ವಾಮ್ಯ ಯಾರದೋ ಅದೇ ಪ್ರಭುತ್ವ. ನಾವು ಕೈ ಎತ್ತುವ ಹಕ್ಕು ಬಿಟ್ಟುಕೊಟ್ಟಿದ್ದರಿಂದಲೇ ಪೊಲೀಸರ ಕೈಗೆ ಲಾಠಿ ಬಂದಿದೆ. ಈ ಮಾತಿನ ತೂಕವೆಲ್ಲ ‘ನ್ಯಾಯಸಮ್ಮತ’ ಎಂಬಲ್ಲಿದೆ. ಅದನ್ನು ಅಳೆಯುವುದು ಹೇಗೆ?

ಅದಕ್ಕೇ ಇರುವುದು ಅನುಪಾತ ತತ್ತ್ವ. ಅದು ನಾಲ್ಕು ಪ್ರಶ್ನೆ ಕೇಳುತ್ತದೆ. ಉದ್ದೇಶ ಕಾನೂನಿಗೆ ಒಪ್ಪುವಂಥದ್ದೇ? ಹಿಡಿದ ದಾರಿ ಆ ಉದ್ದೇಶಕ್ಕೆ ತಲುಪಿಸುತ್ತದೆಯೇ? ಅದಕ್ಕಿಂತ ಮೃದುವಾದ ದಾರಿ ಇರಲಿಲ್ಲವೇ? ಆಗುವ ಲಾಭ, ಹೋಗುವ ಹಕ್ಕಿಗಿಂತ ದೊಡ್ಡದೇ? ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಪ್ರಕರಣದಲ್ಲಿ, 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದಾಗ ಈ ತತ್ತ್ವಕ್ಕೂ ಬಲ ಬಂತು.

ಬೆಂಗಳೂರಿನಲ್ಲೇ ಇದರ ಪರೀಕ್ಷೆಯೂ ಆಯಿತು. 2019ರ ಡಿಸೆಂಬರ್‌ನಲ್ಲಿ, ಪೌರತ್ವ ಕಾಯ್ದೆ ತಿದ್ದುಪಡಿ ವಿರೋಧಿ ಪ್ರತಿಭಟನೆಗಳ ಹೊತ್ತಿಗೆ, ನಗರಕ್ಕೆಲ್ಲ ಮೂರು ದಿನ, ಜನ ಗುಂಪುಗೂಡುವುದನ್ನು ತಡೆಯುವ 144ನೇ ಸೆಕ್ಷನ್ ಹೇರಲಾಯಿತು. ಅನುಮತಿ ಪಡೆದಿದ್ದ ಸಭೆಗಳೂ ರದ್ದಾದವು. 2020ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ಆದೇಶ ಕಾನೂನುಬಾಹಿರ ಎಂದಿತು. ತೀರ್ಪು ಬರುವಷ್ಟರಲ್ಲಿ ಆ ಮೂರು ದಿನ ಕಳೆದುಹೋಗಿದ್ದವು.

ಪೊಲೀಸರು ಸೈನಿಕರಂತಾದರೆ ಜನ ಏಕೆ ಅಂಜಬೇಕು ಎಂಬುದೂ ಈ ತತ್ತ್ವದಿಂದಲೇ ತಿಳಿಯುತ್ತದೆ. ಸೈನಿಕನ ಎದುರಿಗಿರುವವನು ಶತ್ರು, ಪೊಲೀಸರ ಎದುರಿಗಿರುವವನು ನಾಗರಿಕ. ಶತ್ರುವನ್ನು ಸೋಲಿಸಿದರೆ ಸಾಕು, ನಾಗರಿಕನಿಗೆ ಉತ್ತರ ಕೊಡಬೇಕು. ಗುಂಪು ಚದುರಿಸಲು ಸೇನೆಯನ್ನೇ ಕರೆಸಿದರೂ ಆದಷ್ಟು ಕಡಿಮೆ ಬಲ ಬಳಸಬೇಕು ಎಂದು ನಮ್ಮ ದಂಡಪ್ರಕ್ರಿಯಾ ಕಾನೂನೇ ಹೇಳುತ್ತದೆ. ಹಾಗಾಗಿ ಕಮಾಂಡೊ ಪಡೆ, ಡ್ರೋನ್, ಸೇಫ್ ಸಿಟಿ ಯೋಜನೆಯ ಸಾವಿರಾರು ಕ್ಯಾಮೆರಾ ತಮ್ಮಷ್ಟಕ್ಕೆ ತಪ್ಪಲ್ಲ. ಅವುಗಳಿಗೆ ಆ ನಾಲ್ಕು ಪ್ರಶ್ನೆ ಕೇಳುವವರಿಲ್ಲದಿದ್ದರೆ ಅಪಾಯ.

2021ರ ಆದೇಶವೊಂದು ನಗರದ ಪ್ರತಿಭಟನೆಗಳಿಗೆ ಫ್ರೀಡಂ ಪಾರ್ಕ್ ಒಂದನ್ನೇ ಗೊತ್ತುಮಾಡಿತು. ಸಂಚಾರ ಸುಗಮವಾಗಬೇಕು ಎಂಬ ಉದ್ದೇಶ ಸರಿಯೇ. ಆದರೆ ಪೀಣ್ಯದ ಕಾರ್ಮಿಕ ತನ್ನ ಫ್ಯಾಕ್ಟರಿ ಗೇಟಿನ ಮುಂದೆ ದನಿ ಎತ್ತಬೇಕಾದ ದೂರನ್ನು ಹೊತ್ತು ಗಾಂಧಿನಗರಕ್ಕೆ ಬರಬೇಕೆಂದರೆ, ಮೂರನೆಯ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಕಾನೂನು ಸುವ್ಯವಸ್ಥೆ ಎಂಬ ಮಾತು ಕೇಳಿದಾಗಲೆಲ್ಲ ಓದುಗರು ಇಷ್ಟು ಕೇಳಲಿ: ಇದಕ್ಕಿಂತ ಕಡಿಮೆ ಬಲದಲ್ಲಿ ಆಗುತ್ತಿರಲಿಲ್ಲವೇ? ಹೀಗೆ ಕೇಳುವುದು ಪೊಲೀಸ್ ವಿರೋಧವಲ್ಲ, ನಾಗರಿಕರ ಕರ್ತವ್ಯ.